ರಾಗಿ ಗಂಜಿ ನೀರಾಗುವುದೇಕೆ: ಕಿಣ್ವಗಳ ಕೆಲಸ, ಹತ್ತಿರದಿಂದ

ರಾಗಿ ಹಿಟ್ಟನ್ನು ನೀರಿನಲ್ಲಿ ಕದಡಿ, ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿಯಾಗಿ ಗಂಜಿ ಕಾಯಿಸಿ. ಒಲೆಯಿಂದ ಇಳಿಸಿ, ಬೆರಳು ತಾಳುವ ಬಿಸಿಗೆ ಬರಲು ಬಿಡಿ. ಈಗ ಮೊಳಕೆ ರಾಗಿಯ ಹಿಟ್ಟು ಒಂದು ಚಮಚ ಹಾಕಿ ಕಲಕಿ. ಮೊಳಕೆ ಕಟ್ಟಿ, ಒಣಗಿಸಿ, ಹುರಿಯದೆ ಬೀಸಿದ ಹಿಟ್ಟಾಗಿರಬೇಕು. ಸ್ವಲ್ಪ ಹೊತ್ತಿನಲ್ಲೇ ಗಂಜಿ ಸಡಿಲಗೊಂಡು ಚಮಚದಿಂದ ಸುರಿಯತೊಡಗುತ್ತದೆ. ಒಂದು ಹನಿ ನೀರು ಕೂಡ ಹೆಚ್ಚಿಗೆ ಹಾಕಿಲ್ಲ. ಅದೇ ಮೊಳಕೆ ಹಿಟ್ಟನ್ನು ಮೊದಲೇ ನೀರಿನಲ್ಲಿ ಚೆನ್ನಾಗಿ ಕುದಿಸಿ, ಆರಿಸಿ, ಆಮೇಲೆ ಇನ್ನೊಂದು ಪಾತ್ರೆ ಗಂಜಿಗೆ ಬೆರೆಸಿ ನೋಡಿ. ಗಂಜಿ ಗಟ್ಟಿಯಾಗಿಯೇ ಕೂತಿರುತ್ತದೆ.

ಜೀವಿಗಳೊಳಗಿನ ಕ್ರಿಯೆಗಳಿಗೆ ವೇಗ ಕೊಡುವ ಅಣುಗಳೇ ಕಿಣ್ವಗಳು (ಎಂಜೈಮ್). ಅವುಗಳ ಬಗ್ಗೆ ತಿಳಿಯಬೇಕಾದ ಅರ್ಧ ವಿಷಯ ಈ ಎರಡು ಪಾತ್ರೆಗಳಲ್ಲೇ ಇದೆ.

ಗಂಜಿ ಗಟ್ಟಿಯಾಗುವುದು ಪಿಷ್ಟದಿಂದ. ಸಾವಿರಾರು ಗ್ಲೂಕೋಸ್ ಘಟಕಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡ ಉದ್ದನೆಯ ಸರಪಳಿಯೇ ಪಿಷ್ಟ. ಬಿಸಿ ನೀರಿನಲ್ಲಿ ಈ ಸರಪಳಿಗಳು ಉಬ್ಬಿ, ಬಿಚ್ಚಿಕೊಂಡು, ಒಂದರೊಳಗೊಂದು ಸಿಕ್ಕಿಹಾಕಿಕೊಳ್ಳುತ್ತವೆ. ನಡುವಿನ ನೀರಿಗೆ ಹರಿಯಲು ಜಾಗವೇ ಉಳಿಯುವುದಿಲ್ಲ. ಇತ್ತ ಮೊಳಕೆಯೊಡೆದ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ತಯಾರಾಗಿರುತ್ತದೆ. ಅದನ್ನು ಕಾಳು ತನಗಾಗಿ ಮಾಡಿಕೊಂಡದ್ದು. ಎಲೆ ಬರುವವರೆಗೆ ಮೊಳಕೆಗೆ ಊಟ ಬೇಕು, ಊಟವೆಲ್ಲ ಪಿಷ್ಟದ ರೂಪದಲ್ಲಿ ಗಂಟು ಕಟ್ಟಿಟ್ಟಿದೆ, ಆ ಗಂಟನ್ನು ಬಿಚ್ಚಬೇಕು. ಅಮೈಲೇಸ್ ಸರಪಳಿಯ ತುದಿಯಿಂದ ಒಂದೊಂದೇ ಗ್ಲೂಕೋಸ್ ಕೀಳುತ್ತಾ ಕೂರುವುದಿಲ್ಲ, ನಡುವೆ ಎಲ್ಲೆಂದರಲ್ಲಿ ಕತ್ತರಿಸುತ್ತದೆ. ನಡುವೆ ಒಂದೇ ಒಂದು ಕಡೆ ತುಂಡಾದರೂ ಸರಪಳಿಯ ಉದ್ದ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಗಂಜಿ ಸಿಹಿಯಾಗುವುದಕ್ಕೆ ಬಹಳ ಮೊದಲೇ ತೆಳ್ಳಗಾಗುತ್ತದೆ.

ಮಗುವಿಗೆ ರಾಗಿ ಸರಿ ಮಾಡುವಾಗ ಕಾಳನ್ನು ಮೊಳಕೆ ಕಟ್ಟುವುದರಲ್ಲಿರುವ ಜಾಣತನವೂ ಇದೇ. ಮಗು ನುಂಗಬೇಕಾದರೆ ಸರಿ ತೆಳ್ಳಗಿರಬೇಕು. ಬರೀ ನೀರು ಹಾಕಿ ತೆಳ್ಳಗೆ ಮಾಡಿದರೆ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬಿಹೋಗುತ್ತದೆ. ಮೊಳಕೆ ಹಿಟ್ಟಾದರೆ ಅಷ್ಟೇ ನೀರಿನಲ್ಲಿ ಹೆಚ್ಚು ರಾಗಿ ಹಿಡಿಸುತ್ತದೆ. ಘಮ ಬರಲೆಂದು ಹಿಟ್ಟನ್ನು ಕಪ್ಪಗೆ ಹುರಿದುಬಿಟ್ಟರೆ ಮಾತ್ರ ಈ ಲಾಭ ಹೋಯಿತು. ಘಮ ಸಿಗುತ್ತದೆ, ಕಿಣ್ವ ಸಾಯುತ್ತದೆ.

ಇದೇ ಸಂಗತಿಯನ್ನು ಬಾರ್ಲಿ ಮೊಳಕೆಯಲ್ಲಿ ಕಂಡು, ಆ ಕತ್ತರಿಸುವ ವಸ್ತುವನ್ನು ಬೇರ್ಪಡಿಸಿ ತೆಗೆದವರು ಫ್ರಾನ್ಸಿನ ಪಾಯೆನ್ ಮತ್ತು ಪರ್ಸೊ, 1833ರಲ್ಲಿ. ಮೊಳಕೆಯ ರಸಕ್ಕೆ ಆಲ್ಕೋಹಾಲ್ ಸೇರಿಸಿದಾಗ ತಳದಲ್ಲಿ ಕೂತ ಬಿಳಿ ಗಷ್ಟು ತನ್ನ ತೂಕದ ಎಷ್ಟೋ ಪಟ್ಟು ಪಿಷ್ಟವನ್ನು ಕರಗಿಸಿಬಿಡುತ್ತಿತ್ತು. ಕೆಲಸದಲ್ಲಿ ಅದು ಖರ್ಚಾಗುತ್ತಿರಲಿಲ್ಲ. ಒಂದು ಕೊಂಡಿ ಮುರಿದ ಮೇಲೆ ಕಿಣ್ವದ ಅಣು ಮೊದಲಿದ್ದ ಹಾಗೇ ಇರುತ್ತದೆ, ಮುಂದಿನ ಕೊಂಡಿಗೆ ಹೋಗುತ್ತದೆ. ಒಂದು ಚಮಚ ಹಿಟ್ಟು ಇಡೀ ಪಾತ್ರೆಗೆ ಸಾಕಾಗುವುದು ಇದರಿಂದ.

ಪಠ್ಯಪುಸ್ತಕಗಳು ಅವಸರದಲ್ಲಿ ದಾಟಿಬಿಡುವ ಮಾತೊಂದಿದೆ. ನನ್ನ ಪ್ರಕಾರ ಅದೇ ಇಲ್ಲಿನ ಮುಖ್ಯ ಮಾತು. ಕಿಣ್ವ ಆಗದ ಕ್ರಿಯೆಯನ್ನು ಆಗಿಸುವುದಿಲ್ಲ. ನೀರಿನಲ್ಲಿರುವ ಪಿಷ್ಟ ಕಿಣ್ವವಿಲ್ಲದಿದ್ದರೂ ಒಂದು ದಿನ ಒಡೆಯಲೇಬೇಕು. ರಸಾಯನಶಾಸ್ತ್ರದ ಇಳಿಜಾರು ಇರುವುದೇ ಆ ಕಡೆಗೆ. ಪ್ರಶ್ನೆ ಯಾವಾಗ ಎನ್ನುವುದಷ್ಟೇ. ಈ 'ಯಾವಾಗ' ಎಷ್ಟು ದೊಡ್ಡದು ಎಂದು ಅಮೆರಿಕದ ರಿಚರ್ಡ್ ವುಲ್ಫೆಂಡನ್ ವರ್ಷಗಟ್ಟಲೆ ಅಳೆದರು. ಪ್ರೋಟೀನಿನಲ್ಲಿ ಎರಡು ಅಮೈನೋ ಆಮ್ಲಗಳನ್ನು ಹಿಡಿದಿರುವ ಕೊಂಡಿಯನ್ನು ಬರೀ ನೀರಿನಲ್ಲಿ, ಸಾಧಾರಣ ಉಷ್ಣತೆಯಲ್ಲಿ ಬಿಟ್ಟರೆ, ಅಂಥ ಕೊಂಡಿಗಳಲ್ಲಿ ಅರ್ಧದಷ್ಟು ಮುರಿಯಲು ಸುಮಾರು 400 ವರ್ಷ ಬೇಕು. ನಿಮ್ಮ ಕರುಳಿನಲ್ಲಿ ಮಧ್ಯಾಹ್ನದ ಬೇಳೆಯ ಪ್ರೋಟೀನ್ ಸಂಜೆಯೊಳಗೆ ಮುರಿದಿರುತ್ತದೆ. ಡಿಎನ್‌ಎ, ಆರ್‌ಎನ್‌ಎಗಳಿಗೆ ಬೇಕಾದ ಘಟಕವೊಂದನ್ನು ತಯಾರಿಸುವಾಗ ಜೀವಕೋಶ ಒಂದು ಹಂತದಲ್ಲಿ ಇಂಗಾಲದ ಡೈಆಕ್ಸೈಡನ್ನು ಕಿತ್ತುಹಾಕಬೇಕಾಗುತ್ತದೆ. ತಾನಾಗಿಯೇ ಆಗಲೆಂದು ಬಿಟ್ಟರೆ ಅರ್ಧ ಕೆಲಸಕ್ಕೆ 7 ಕೋಟಿ 80 ಲಕ್ಷ ವರ್ಷ ಹಿಡಿಯುತ್ತದೆ ಎಂದು 1995ರ ಅವರ ಲೆಕ್ಕ ಹೇಳಿತು. ಡೈನೋಸಾರ್‌ಗಳು ಅಳಿದು ಇನ್ನೂ ಅಷ್ಟು ವರ್ಷ ಆಗಿಲ್ಲ. ಕಿಣ್ವ ಇದ್ದರೆ ಅದೇ ಕೆಲಸಕ್ಕೆ ಒಂದು ಸೆಕೆಂಡಿಗೂ ಕಡಿಮೆ ಸಾಕು.

ಇದನ್ನು ತಿರುವಿಹಾಕಿ ನೋಡಿದರೆ ಇನ್ನೂ ಸ್ವಾರಸ್ಯ. ಕೊಂಡಿಗಳು ತಾವಾಗಿ ಇಷ್ಟು ನಿಧಾನಕ್ಕೆ ಮುರಿಯುವುದರಿಂದಲೇ ನಮ್ಮ ಮೈ ಸ್ನಾನದ ನೀರಿನಲ್ಲಿ ಕರಗಿಹೋಗದೆ ನಿಂತಿದೆ. ಜೀವಕೋಶದೊಳಗೆ ಆಗಬಹುದಾದ ಕ್ರಿಯೆಗಳು ಲೆಕ್ಕವಿಲ್ಲದಷ್ಟಿವೆ, ಬಹುತೇಕ ಎಲ್ಲವೂ ಶತಮಾನಗಳ ಸರದಿಯಲ್ಲಿ ನಿಂತಿವೆ. ಯಾವುದಕ್ಕೆ ಕಿಣ್ವ ಸಿಕ್ಕಿತೋ ಅದು ಈಗಲೇ ಆಗುತ್ತದೆ, ಉಳಿದವು ಕಾಯುತ್ತವೆ. ಯಾವ ಕಿಣ್ವವನ್ನು ಎಲ್ಲಿ, ಎಷ್ಟು ತಯಾರಿಸಬೇಕು ಎಂಬ ನಿರ್ಧಾರದ ಮೂಲಕವೇ ಜೀವಕೋಶ ತನ್ನೊಳಗಿನ ರಸಾಯನವನ್ನು ಆಳುತ್ತದೆ.

ತಡ ಯಾಕೆ ಆಗುತ್ತದೆ? ಎರಡು ಊರುಗಳ ನಡುವೆ ಗುಡ್ಡವಿದೆ ಎಂದುಕೊಳ್ಳಿ, ಆಚೆಯ ಊರು ಈಚೆಯದಕ್ಕಿಂತ ತಗ್ಗಿನಲ್ಲಿದೆ. ಹೋಗುವುದು ತಗ್ಗಿಗೇ ಆದರೂ ಮೊದಲು ಗುಡ್ಡ ಹತ್ತಬೇಕು. ಅಣುಗಳ ವಿಷಯದಲ್ಲಿ ಹಳೆಯ ಕೊಂಡಿ ಅರ್ಧ ಬಿಟ್ಟು ಹೊಸ ಕೊಂಡಿ ಅರ್ಧ ಹಿಡಿದ ಆ ಅತಂತ್ರ ಸ್ಥಿತಿಯೇ ಗುಡ್ಡದ ನೆತ್ತಿ. ಮೈಯ ಬಿಸಿಯಲ್ಲಿ ಅಣುಗಳು ಒಂದನ್ನೊಂದು ಗುದ್ದಿಕೊಂಡು ಓಡಾಡುತ್ತಿರುತ್ತವೆ, ಆದರೆ ನೆತ್ತಿ ಮುಟ್ಟುವಷ್ಟು ಕಸುವು ಸಿಗುವುದು ಎಲ್ಲೋ ಒಂದಕ್ಕೆ. ಕಿಣ್ವ ಊರುಗಳ ಎತ್ತರವನ್ನು ಬದಲಿಸುವುದಿಲ್ಲ, ಯಾರನ್ನೂ ಹಿಂದಿನಿಂದ ತಳ್ಳುವುದಿಲ್ಲ, ಗುಡ್ಡದಲ್ಲಿ ತಗ್ಗಾದ ದಾರಿಯೊಂದನ್ನು ತೆರೆಯುತ್ತದೆ. ಎಷ್ಟು ತಗ್ಗಿಸಿದರೆ ಎಷ್ಟು ಲಾಭ ಎನ್ನುವುದರ ಲೆಕ್ಕ ಬೆರಗಿನದು. ನಮ್ಮ ಮೈಯ ಉಷ್ಣತೆಯಲ್ಲಿ ತಡೆ ಪ್ರತಿ ಮೋಲ್‌ಗೆ ಸುಮಾರು 6 ಕಿಲೋಜೂಲ್ ಇಳಿದರೆ ವೇಗ 10 ಪಟ್ಟು ಆಗುತ್ತದೆ. 12 ಇಳಿದರೆ 100 ಪಟ್ಟು, 36 ಇಳಿದರೆ 10 ಲಕ್ಷ ಪಟ್ಟು. ಹೈಡ್ರೋಜನ್ ಬಂಧಗಳೆಂಬ ಸಣ್ಣ ಸೆಳೆತಗಳು ಕೆಲವೇ ಕೆಲವು ಸರಿಯಾದ ಜಾಗದಲ್ಲಿ ಆತುಕೊಂಡರೆ ಇಷ್ಟು ಸಾಧಿಸಬಹುದು.

ದಾರಿ ಎರಡೂ ಕಡೆಗೆ ತೆರೆದಿರುತ್ತದೆ ಎಂಬುದನ್ನು ಮರೆಯಬಾರದು. ಕಿಣ್ವ ಮುಂದಕ್ಕೆ ಎಷ್ಟು ವೇಗ ಕೊಡುತ್ತದೋ ಹಿಂದಕ್ಕೂ ಅಷ್ಟೇ ಕೊಡುತ್ತದೆ. ಹಾಗಿದ್ದರೆ ಏರು ದಾರಿಯ ಕೆಲಸಗಳು, ಅಂದರೆ ಸಣ್ಣ ಅಣುಗಳನ್ನು ಸೇರಿಸಿ ದೊಡ್ಡದನ್ನು ಕಟ್ಟುವ ಕೆಲಸಗಳು ಹೇಗೆ ನಡೆಯುತ್ತವೆ? ಅದಕ್ಕೆ ಬೇರೆ ಕಡೆಯಿಂದ ಶಕ್ತಿ ತರಬೇಕು. ಎಟಿಪಿ ಎಂಬ ಅಣು ಒಡೆದಾಗ ಬರುವ ಶಕ್ತಿಯನ್ನು ಅದೇ ಕಿಣ್ವದ ಒಳಗೆ ಈ ಏರು ಕೆಲಸಕ್ಕೆ ಜೋಡಿಸಲಾಗುತ್ತದೆ. ಒಟ್ಟು ಲೆಕ್ಕದಲ್ಲಿ ಅದೂ ಇಳಿಜಾರೇ.

ಇನ್ನು ಒಂದೇ ಒಂದು ಕಿಣ್ವದ ಒಳಗೆ ಇಣುಕೋಣ. ನಾನು ಆರಿಸಿಕೊಂಡಿರುವುದು ನಿಮ್ಮ ಕೆಂಪು ರಕ್ತಕಣಗಳಲ್ಲಿರುವ ಕಾರ್ಬಾನಿಕ್ ಅನ್‌ಹೈಡ್ರೇಸ್. ಹೆಸರು ಬಾಯಿಗೆ ಸಿಗದಿದ್ದರೂ ಇದರ ಕೆಲಸದಷ್ಟು ಸರಳವಾದದ್ದು ಇನ್ನೊಂದಿಲ್ಲ. ಇಂಗಾಲದ ಡೈಆಕ್ಸೈಡನ್ನು ನೀರಿನ ಜೊತೆ ಸೇರಿಸಿ ಬೈಕಾರ್ಬೊನೇಟ್ ಮಾಡುವುದು, ಬೇಕಾದಾಗ ತಿರುಗಿ ಬಿಡಿಸುವುದು. ಮೈಯ ಮೂಲೆಮೂಲೆಯಲ್ಲಿ ಹುಟ್ಟುವ ಈ ಅನಿಲ ಬಹುಪಾಲು ಬೈಕಾರ್ಬೊನೇಟ್ ಆಗಿಯೇ ರಕ್ತದಲ್ಲಿ ಪ್ರಯಾಣ ಮಾಡಿ, ಶ್ವಾಸಕೋಶದಲ್ಲಿ ಮತ್ತೆ ಅನಿಲವಾಗಿ ಹೊರಬೀಳುತ್ತದೆ. ಕಿಣ್ವವಿಲ್ಲದೆಯೂ ಇದು ನಡೆಯುತ್ತದೆ, ಆದರೆ ಸೆಕೆಂಡುಗಟ್ಟಲೆ ಸಮಯ ಬೇಡುತ್ತದೆ. ರಕ್ತ ಶ್ವಾಸಕೋಶದ ಅತಿಸೂಕ್ಷ್ಮ ನಾಳವನ್ನು ಹಾದುಹೋಗುವುದು ಒಂದು ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ. ಅಷ್ಟರೊಳಗೆ ಅನಿಲ ಬಿಡುಗಡೆಯಾಗದಿದ್ದರೆ ರಕ್ತ ಅದನ್ನು ಹೊತ್ತುಕೊಂಡೇ ವಾಪಸು ಹೋಗಬೇಕು.

ಈ ಕಿಣ್ವದ ಅಣುವಿನಲ್ಲಿ ಒಂದು ಆಳವಾದ ಕುಳಿ ಇದೆ. ಕುಳಿಯ ತಳದಲ್ಲಿ ಒಂದು ಸತುವಿನ ಪರಮಾಣು, ಅದನ್ನು ಮೂರು ಕಡೆಯಿಂದ ಹಿಡಿದಿರುವುದು ಹಿಸ್ಟಿಡಿನ್ ಎಂಬ ಅಮೈನೋ ಆಮ್ಲಗಳು. ನಾಲ್ಕನೆಯ ಕಡೆ ಒಂದು ನೀರಿನ ಅಣು ಅಂಟಿಕೊಂಡಿರುತ್ತದೆ. ಸತುವಿನ ಮೇಲೆ ಧನ ಆವೇಶ ಇರುವುದರಿಂದ ಅದು ನೀರಿನ ಎಲೆಕ್ಟ್ರಾನುಗಳನ್ನು ತನ್ನತ್ತ ಜಗ್ಗುತ್ತದೆ, ನೀರು ತನ್ನೊಂದು ಪ್ರೋಟಾನನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಉಳಿಯುವುದು ಹೈಡ್ರಾಕ್ಸೈಡ್. ಸಾಮಾನ್ಯ ನೀರಿಗೆ ಇಂಗಾಲದ ಡೈಆಕ್ಸೈಡಿನ ಮೇಲೆ ಅಂಥ ಆಸಕ್ತಿ ಇಲ್ಲ, ಹೈಡ್ರಾಕ್ಸೈಡಿಗೆ ಇದೆ. ಕುಳಿಯೊಳಗೆ ಬಂದ ಅನಿಲದ ಇಂಗಾಲಕ್ಕೆ ಅದು ಹೋಗಿ ಕಚ್ಚಿಕೊಳ್ಳುತ್ತದೆ, ಬೈಕಾರ್ಬೊನೇಟ್ ಆಯಿತು. ಹೊಸ ನೀರಿನ ಅಣು ಬಂದು ಅದನ್ನು ಎಬ್ಬಿಸಿ ಆ ಜಾಗದಲ್ಲಿ ತಾನು ಕೂರುತ್ತದೆ. ಮೊದಲು ಬಿಟ್ಟ ಪ್ರೋಟಾನನ್ನು ಕುಳಿಯ ಬಾಯಿಯ ಹತ್ತಿರವಿರುವ ಇನ್ನೊಂದು ಹಿಸ್ಟಿಡಿನ್ ಹೊರಕ್ಕೆ ಸಾಗಿಸುತ್ತದೆ. ಇಷ್ಟೂ ಕೆಲಸ ಒಂದೇ ಅಣುವಿನಲ್ಲಿ ಸೆಕೆಂಡಿಗೆ ಸುಮಾರು 10 ಲಕ್ಷ ಬಾರಿ.

ಇದನ್ನು ಬಾಯಲ್ಲೇ ಪರೀಕ್ಷಿಸಬಹುದು. ಗೋಲಿ ಸೋಡಾ ಕುಡಿದಾಗ ನಾಲಿಗೆಗೆ ಚುರುಗುಟ್ಟುವುದು ಗುಳ್ಳೆ ಒಡೆಯುವುದರಿಂದ ಎಂದೇ ಎಲ್ಲರ ನಂಬಿಕೆ. ಆದರೆ ಹುಳಿ ಗುರುತಿಸುವ ರುಚಿಕೋಶಗಳ ಮೇಲೆ ಇದೇ ಜಾತಿಯ ಕಿಣ್ವವಿದ್ದು, ಅದು ಅನಿಲವನ್ನು ಪರಿವರ್ತಿಸುವಾಗ ಹೊರಬರುವ ಪ್ರೋಟಾನುಗಳ ಪಾಲೂ ಆ ರುಚಿಯಲ್ಲಿದೆ ಎಂದು 2009ರಲ್ಲಿ ಗೊತ್ತಾಯಿತು. ಲಡಾಖಿನಂಥ ಎತ್ತರದ ಜಾಗಕ್ಕೆ ಹೋಗುವವರಿಗೆ ವೈದ್ಯರು ಕೊಡುವ ಅಸಿಟಜೋಲಮೈಡ್ ಮಾತ್ರೆ ಈ ಕಿಣ್ವವನ್ನೇ ತಡೆಯುತ್ತದೆ. ಅದನ್ನು ನುಂಗಿದವರಿಗೆ ಸೋಡಾ ಸಪ್ಪೆ ಎನ್ನಿಸುವುದುಂಟು.

ಒಂದು ಕಿಣ್ವ ತನಗೆ ಬೇಕಾದ ಅಣುವನ್ನು ಅಷ್ಟೊಂದು ಗದ್ದಲದಲ್ಲಿ ಹೇಗೆ ಗುರುತು ಹಿಡಿಯುತ್ತದೆ? ಬೀಗಕ್ಕೆ ಕೀಲಿ ಕೂಡಿದ ಹಾಗೆ ಎಂದರು ಜರ್ಮನಿಯ ಎಮಿಲ್ ಫಿಷರ್, 1894ರಲ್ಲಿ. ಶಾಲೆಗಳಲ್ಲಿ ಇಂದಿಗೂ ಅದನ್ನೇ ಹೇಳಿಕೊಡುತ್ತಾರೆ. ಅದರಲ್ಲೊಂದು ತೊಡಕಿದೆ: ಕೀಲಿ ಬೀಗದೊಳಗೆ ಅಷ್ಟು ಹಿತವಾಗಿ ಕೂತುಬಿಟ್ಟರೆ ಅದು ಬದಲಾಗುವುದಾದರೂ ಏಕೆ? ಆರಂಭದ ಅಣುವಿಗಿಂತ ನೆತ್ತಿಯ ಮೇಲಿನ ಆ ಅತಂತ್ರ ರೂಪಕ್ಕೇ ಕಿಣ್ವದ ಕುಳಿ ಹೆಚ್ಚು ಹೊಂದುತ್ತದೆ ಎಂದು 1940ರ ದಶಕದಲ್ಲಿ ಲೈನಸ್ ಪೌಲಿಂಗ್ ಹೇಳಿದರು. ಅಣು ಒಳಗೆ ಬಂದು ಪೂರ್ತಿ ನೆಮ್ಮದಿಯಾಗಿ ಕೂರಬೇಕಾದರೆ ಅದು ಬದಲಾಗುವ ಹಾದಿಗೆ ಬೀಳಲೇಬೇಕು. 1958ರಲ್ಲಿ ಡೇನಿಯಲ್ ಕೋಶ್‌ಲ್ಯಾಂಡ್ ಇನ್ನೊಂದು ಮಾತು ಸೇರಿಸಿದರು: ಕುಳಿಯೂ ಕಲ್ಲಿನಂತೆ ಗಟ್ಟಿಯಲ್ಲ, ಅಣು ಬಂದಾಗ ಅದೂ ಮೈ ಬಾಗಿಸುತ್ತದೆ. ಹೆಕ್ಸೊಕೈನೇಸ್ ಎಂಬ ಕಿಣ್ವದಲ್ಲಿ ಇದು ಕಣ್ಣಿಗೆ ಕಟ್ಟುವಷ್ಟು ಸ್ಪಷ್ಟ. ಗ್ಲೂಕೋಸ್ ಬಂದು ಕೂತೊಡನೆ ಅದರ ಎರಡು ಹಾಲೆಗಳು ಮುಚ್ಚಿಕೊಂಡು ನೀರನ್ನು ಹೊರಗಿಡುತ್ತವೆ. ನೀರು ಒಳಗಿದ್ದರೆ ಎಟಿಪಿಯ ಫಾಸ್ಫೇಟ್ ಗ್ಲೂಕೋಸಿಗೆ ಸೇರುವ ಬದಲು ನೀರಿನ ಪಾಲಾಗಿ ಶಕ್ತಿ ದಂಡವಾಗುತ್ತಿತ್ತು.

ಇಷ್ಟೆಲ್ಲ ಸೂಕ್ಷ್ಮದ ಯಂತ್ರ ಯಾವುದರಿಂದ ಆಗಿದೆ ಎನ್ನುವುದರ ಮೇಲೆ ದೊಡ್ಡ ಜಗಳವೇ ನಡೆಯಿತು. ಹುದುಗು ಬರುವುದಕ್ಕೆ ಜೀವಂತ ಕೋಶವೇ ಬೇಕು ಎನ್ನುವುದು ಪಾಸ್ಚರ್ ಕಾಲದ ನಂಬಿಕೆ. 1897ರಲ್ಲಿ ಎಡುವರ್ಡ್ ಬುಖ್ನರ್ ಯೀಸ್ಟನ್ನು ಮರಳಿನ ಜೊತೆ ಅರೆದು ಹಿಂಡಿ, ಕೋಶವೇ ಇಲ್ಲದ ರಸ ತೆಗೆದರು. ರಸ ಕೆಡದಿರಲೆಂದು ಸಕ್ಕರೆ ಹಾಕಿದರೆ ಅದು ನೊರೆ ಎಬ್ಬಿಸಿ ಸಕ್ಕರೆಯನ್ನು ಆಲ್ಕೋಹಾಲ್ ಮಾಡತೊಡಗಿತು. ಅದಕ್ಕೆ 1907ರ ನೊಬೆಲ್ ಬಂತು. ಆದರೂ ಕಿಣ್ವ ಯಾವ ಬಗೆಯ ವಸ್ತು ಎಂಬುದು ತಿಳಿದಿರಲಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೇಮ್ಸ್ ಸಮ್ನರ್ ಜಾಕ್ ಬೀನ್ ಎಂಬ ಅವರೆ ಜಾತಿಯ ಕಾಳಿನಿಂದ ಯೂರಿಯೇಸ್ ಎಂಬ ಕಿಣ್ವವನ್ನು 1926ರಲ್ಲಿ ಹರಳು ರೂಪದಲ್ಲಿ ತೆಗೆದು, ಇದು ಶುದ್ಧ ಪ್ರೋಟೀನ್ ಎಂದರು. ಹದಿಹರೆಯದಲ್ಲೇ ಬೇಟೆಯ ಅವಘಡವೊಂದರಲ್ಲಿ ಎಡಗೈ ಕಳೆದುಕೊಂಡವರು, ಅದಕ್ಕೂ ಮೊದಲು ಅವರು ಎಡಚರು. ಆ ಕಾಲದ ಘಟಾನುಘಟಿಗಳು ಅವರನ್ನು ನಂಬಲಿಲ್ಲ. ನೊಬೆಲ್ ಬಂದದ್ದು 20 ವರ್ಷ ಕಳೆದ ಮೇಲೆ, 1946ರಲ್ಲಿ. ಮುಂದೆ ಆರ್‌ಎನ್‌ಎಯಿಂದಾದ ಕೆಲವು ಕಿಣ್ವಗಳೂ ಸಿಕ್ಕವು. ಉಳಿದಂತೆ ಸಮ್ನರ್ ಮಾತೇ ನಿಂತಿದೆ.

ಯೂರಿಯೇಸ್ ನಮ್ಮ ರೈತರಿಗೆ ಹೆಸರು ತಿಳಿಯದ ಪರಿಚಿತ. ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ಇದು ಧಾರಾಳವಾಗಿದೆ, ಯೂರಿಯಾವನ್ನು ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಮೇಲುಗೊಬ್ಬರವಾಗಿ ಎರಚಿದ ಯೂರಿಯಾ ನೆಲದ ಮೇಲೇ ಉಳಿದರೆ ಅಮೋನಿಯಾ ಗಾಳಿಗೆ ಹೋಗುತ್ತದೆ, ದುಡ್ಡೂ ಅದರ ಜೊತೆಗೆ. ತೇವದ ಮಣ್ಣಿನೊಳಗೆ ಸೇರಿಸಿ ಮುಚ್ಚಿ ಎಂದು ಕೃಷಿ ಅಧಿಕಾರಿಗಳು ಹೇಳುವುದು ಇದಕ್ಕೆ. ತೊಳೆಯದ ಮೂತ್ರಾಲಯದ ಮೂಗು ಸುಡುವ ವಾಸನೆಯೂ ಇದೇ ಕಿಣ್ವದ ಪ್ರತಾಪ.

ಪ್ರೋಟೀನ್ ಎಂದಮೇಲೆ ಅದರ ದೌರ್ಬಲ್ಯಗಳೂ ಜೊತೆಗೆ ಬಂದವು. ಪ್ರೋಟೀನ್ ಎಳೆ ಒಂದು ನಿರ್ದಿಷ್ಟ ರೀತಿಯಲ್ಲಿ ಮಡಚಿಕೊಂಡಾಗ ಮಾತ್ರ ಕುಳಿ ಏರ್ಪಡುತ್ತದೆ. ಬಿಸಿ ಹೆಚ್ಚಿದರೆ ಮಡಿಕೆ ಬಿಚ್ಚಿಹೋಗುತ್ತದೆ. ಕುದಿಸಿದ ಮೊಳಕೆ ಹಿಟ್ಟು ಗಂಜಿಯನ್ನು ಸಡಿಲಿಸದೆ ಹೋದದ್ದು ಹೀಗೆ. ಎಲ್ಲ ಕಿಣ್ವಗಳೂ ಒಂದೇ ಬಿಸಿಗೆ ಸೋಲುತ್ತವೆ ಎಂದಲ್ಲ. ಅಮೆರಿಕದ ಯೆಲ್ಲೊಸ್ಟೋನ್ ಬಿಸಿನೀರ ಬುಗ್ಗೆಯ ಬ್ಯಾಕ್ಟೀರಿಯಾದ ಕಿಣ್ವವೊಂದು 70 ಡಿಗ್ರಿಯ ಮೇಲೆ ಹಾಯಾಗಿ ದುಡಿಯುತ್ತದೆ. ಪದೇಪದೇ ಬಿಸಿ ಮಾಡುತ್ತಾ ಡಿಎನ್‌ಎಯ ನಕಲು ತೆಗೆಯುವ ಪಿಸಿಆರ್ ಪರೀಕ್ಷೆ ಅದರಿಂದಲೇ ಮನೆಮಾತಾಯಿತು. ಹುಳಿಯ ವಿಷಯವೂ ಹಾಗೇ. ಬಾಯಿಯ ಅಮೈಲೇಸ್ ಹೊಟ್ಟೆಯ ಆಮ್ಲ ತಗುಲಿದೊಡನೆ ಕೈಚೆಲ್ಲುತ್ತದೆ, ಅದೇ ಆಮ್ಲದಲ್ಲಿ ಪ್ರೋಟೀನ್ ಒಡೆಯುವ ಪೆಪ್ಸಿನ್ ಕೆಲಸ ಶುರು ಮಾಡುತ್ತದೆ.

ಮಡಿಕೆ ಕೆಡಿಸದೆ ಕುಳಿಯನ್ನಷ್ಟೇ ಮುಚ್ಚುವ ಉಪಾಯವೂ ಉಂಟು, ಮತ್ತೆ ರಾಗಿಯೇ ಅದಕ್ಕೆ ಸಾಕ್ಷಿ. ರಾಗಿ ಕಾಳಿನಲ್ಲಿ ಅಮೈಲೇಸನ್ನೂ ಪ್ರೋಟೀನ್ ಒಡೆಯುವ ಟ್ರಿಪ್ಸಿನನ್ನೂ ತಡೆಯುವ ಒಂದೇ ಪುಟ್ಟ ಪ್ರೋಟೀನ್ ಇದೆ. 1981ರಲ್ಲಿ ಅದನ್ನು ವಿವರಿಸಿದವರು ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಶಿವರಾಜ್ ಮತ್ತು ಪಟ್ಟಾಭಿರಾಮನ್. ಅದು ತನ್ನ ಒಂದು ತುದಿಯನ್ನು ಕೀಟದ ಅಮೈಲೇಸಿನ ಕುಳಿಯೊಳಗೇ ತೂರಿಸಿ ಬಾಯಿ ಕಟ್ಟುತ್ತದೆ ಎಂದು ಮುಂದೆ ಹರಳುಗಳ ಅಧ್ಯಯನದಿಂದ ತಿಳಿಯಿತು. ಹಗೇವಿನಲ್ಲಿ ಸುರಿದ ರಾಗಿ ಹುಳ ಹಿಡಿಯದೆ ವರ್ಷಗಟ್ಟಲೆ ಉಳಿಯುವುದಕ್ಕೆ ಕಾಳು ಚಿಕ್ಕದು, ಗಟ್ಟಿ ಎಂಬ ಕಾರಣಗಳ ಜೊತೆ ಇದೂ ಒಂದಿಷ್ಟು ನೆರವಾಗುತ್ತಿರಬಹುದು.

ಅದೇ ಉಪಾಯದ ಕರಾಳ ಮುಖ ಹೊಲದ ಔಷಧಿ ಡಬ್ಬಿಗಳಲ್ಲಿದೆ. ನರದಿಂದ ಸ್ನಾಯುವಿಗೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಅಣುವನ್ನು ಕೆಲಸ ಮುಗಿದ ತಕ್ಷಣ ಒಡೆದುಹಾಕುವ ಕಿಣ್ವವೊಂದಿದೆ. ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕಗಳು ಅದರ ಕುಳಿಯಲ್ಲಿರುವ ಸೆರಿನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿ ಕೂರುತ್ತವೆ. ಸಂದೇಶ ಅಳಿಸುವವರಿಲ್ಲದೆ ನರಗಳು ಕೂಗುತ್ತಲೇ ಇರುತ್ತವೆ. ಜೊಲ್ಲು, ಕಣ್ಣೀರು, ಬೆವರು ಸುರಿಯುತ್ತದೆ, ಕಣ್ಣುಪಾಪೆ ಚುಕ್ಕೆಯಷ್ಟಾಗುತ್ತದೆ, ಕೊನೆಗೆ ಉಸಿರಾಟಕ್ಕೇ ಕುತ್ತು. ಮುಖಕ್ಕೆ ಬಟ್ಟೆ, ಕೈಗೆ ಗವಸು ಇಲ್ಲದೆ ಸಿಂಪಡಿಸುವವರಿಗೆ ಚರ್ಮದ ಮೂಲಕವೂ ಇದು ತಗುಲುತ್ತದೆ. ಆಸ್ಪತ್ರೆಯಲ್ಲಿ ಅಟ್ರೊಪಿನ್ ಕೊಟ್ಟು ನರಗಳ ಕೂಗನ್ನು ಅಡಗಿಸುತ್ತಾರೆ. ಸೆರಿನ್‌ಗೆ ಅಂಟಿದ್ದನ್ನು ಕಿತ್ತು ಕಿಣ್ವವನ್ನು ಬಿಡಿಸಲೆಂದು ಪ್ರಾಲಿಡಾಕ್ಸಿಮ್ ಎಂಬ ಔಷಧಿಯನ್ನೂ ಬಳಸುವುದುಂಟು. ತಡವಾದರೆ ಆ ಅಂಟು ಬಿಗಿದುಕೊಂಡು ಯಾವ ಔಷಧಿಗೂ ಬಿಡುವುದಿಲ್ಲ. ಇಂಥ ಸಂದರ್ಭದಲ್ಲಿ ಮನೆಮದ್ದು ಹುಡುಕುತ್ತಾ ಕೂರುವುದು ಜೀವಕ್ಕೆ ಎರವು.

ಈಚೆಗೆ ಕಿತ್ತಳೆ ಸಿಪ್ಪೆ, ಬೆಲ್ಲ, ನೀರು ಸೇರಿಸಿ ತಿಂಗಳುಗಟ್ಟಲೆ ಮುಚ್ಚಿಟ್ಟು 'ಬಯೋ ಎಂಜೈಮ್' ಮಾಡುವ ಹುರುಪು ಹೆಚ್ಚಿದೆ. ಹಸಿ ಕಸ ಕಡಿಮೆಯಾಗುತ್ತದೆ, ನೆಲ ಒರೆಸಲು ಆಗುತ್ತದೆ, ಅದಕ್ಕೆ ನನ್ನದೇನೂ ತಕರಾರಿಲ್ಲ. ಆದರೆ ಆ ದ್ರವದ ಹುಳಿ ವಾಸನೆಯೇ ಹೇಳುವ ಹಾಗೆ, ಅದರ ಶುಚಿಗೊಳಿಸುವ ಗುಣದಲ್ಲಿ ಆಮ್ಲಗಳ ಪಾಲು ದೊಡ್ಡದು. ಎಲ್ಲ ರೋಗಕ್ಕೂ ಮದ್ದೆಂದು ಅದನ್ನು ಕುಡಿಯಲು ಹೇಳುವವರ ಮಾತು ಕೇಳಬೇಡಿ.

ನಿಜವಾದ ಕಿಣ್ವದ ವ್ಯಾಪಾರಕ್ಕೆ ಉದಾಹರಣೆ ಬೇಕಾದರೆ ಬೆಂಗಳೂರಿನ ಬಯೋಕಾನ್ ಕಂಪನಿಯ ಆರಂಭವನ್ನು ನೋಡಬೇಕು, 2007ರಲ್ಲಿ ಅದು ತನ್ನ ಕಿಣ್ವದ ವ್ಯಾಪಾರವನ್ನು ಮಾರಿಬಿಟ್ಟಿತು. 1978ರಲ್ಲಿ ಕಿರಣ್ ಮಜುಂದಾರ್ ಷಾ ಗ್ಯಾರೇಜೊಂದರಲ್ಲಿ ಶುರು ಮಾಡಿದಾಗ ತಯಾರಿಸುತ್ತಿದ್ದವುಗಳಲ್ಲಿ ಒಂದು ಪಪೇನ್, ಪರಂಗಿ ಕಾಯಿಯ ಹಾಲಿನಲ್ಲಿರುವ ಪ್ರೋಟೀನ್ ಒಡೆಯುವ ಕಿಣ್ವ. ಮಾಂಸ ಬೇಗ ಬೇಯಲೆಂದು ಪರಂಗಿ ಕಾಯಿಯ ತುಂಡು ಹಾಕುವವರಿಗೆ ಅದರ ಶಕ್ತಿ ಗೊತ್ತು.

ಬಟ್ಟೆ ಸೋಪಿನ ಪುಡಿಯಲ್ಲಿ ಈಗ ಇರುವುದೂ ಇದೇ ಬಗೆಯ, ಆದರೆ ಬ್ಯಾಕ್ಟೀರಿಯಾದಿಂದ ತೆಗೆದ ಕಿಣ್ವಗಳು. ಅಂಥ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಬಟ್ಟೆಯನ್ನು ಅರ್ಧ ಗಂಟೆ ನೆನೆಸಿದರೆ ರಕ್ತ, ಮೊಟ್ಟೆ, ಹಾಲಿನ ಕಲೆಗಳು ಚೆನ್ನಾಗಿ ಬಿಡುತ್ತವೆ. ಕುದಿಯುವ ನೀರು ಸುರಿದರೆ ಕಿಣ್ವಕ್ಕೆ ಕೊಟ್ಟ ಹಣ ನೀರಿಗೆ ಹಾಕಿದ ಹಾಗೆ. ಪ್ಯಾಕೆಟ್ಟಿನ ಹಿಂದೆ ಸಣ್ಣಕ್ಷರದಲ್ಲಿ ರೇಷ್ಮೆ, ಉಣ್ಣೆಗೆ ಬಳಸಬೇಡಿ ಎಂದಿರುತ್ತದೆ, ಅದನ್ನು ಓದಿ. ರೇಷ್ಮೆಯೂ ಪ್ರೋಟೀನೇ. ಮೈಸೂರು ಸಿಲ್ಕ್ ಸೀರೆಯನ್ನು ಅದರಲ್ಲಿ ನೆನೆಸಿಟ್ಟರೆ ಕಿಣ್ವ ಕಲೆಯ ಜೊತೆಗೆ ಎಳೆಗೂ ಬಾಯಿ ಹಾಕುತ್ತದೆ.